ಸೊಂಟನೋವಿನ ಗುಳಿಗೆಯಲ್ಲಿ ಗೌರಿ ಹೂ

ಸಿರುಗುಪ್ಪದ ಕಡೆ ಭತ್ತದ ನಾಟಿ ಶುರುವಾಯಿತೆಂದರೆ ನಮ್ಮ ಹಿರಿಯ ವಾರಗಿತ್ತಿಯ ಮನೆಯಲ್ಲಿ ಸೊಂಟ ಹಿಡಿಯದ ಹೆಂಗಸೇ ಇರುವುದಿಲ್ಲ. ಸಂಜೆ ಅಂಗಡಿಗೆ ಹೋಗಿ "ಸೊಂಟನೋವಿನ ಗುಳಿಗೆ ಕೊಡ್ರಿ" ಅಂದರಾಯಿತು, ಡಾಕ್ಟರ ಚೀಟಿ ಕೇಳುವವರಿಲ್ಲ. ನನ್ನ ತವರು ಕುರುಗೋಡಿನಲ್ಲಿ ಮೆಣಸಿನಕಾಯಿ ಬಿಡಿಸುವ ಕಾಲಕ್ಕೂ ಇದೇ ಕಥೆ.

ಹೋದ ವರ್ಷ ಅವರ ಸೊಸೆ ಬಳ್ಳಾರಿಗೆ, ನಮ್ಮ ಮನೆಗೆ ಬಂದಿದ್ದಳು. ಮದುವೆಯಾಗಿ ಐದು ತಿಂಗಳು. ಊಟವಾದ ಮೇಲೆ ಚೀಲದಿಂದ ಗುಳಿಗೆ ತೆಗೆದಳು. "ಅತ್ತಿ ಕೊಟ್ಟಾರ್ರಿ, ನಾಲ್ಕು ದಿನ ಆತು ತೊಗೊಳ್ಳಾಕ ಹತ್ತಿ." ಹಿಂಬದಿ ಓದಿದೆ. ಅಸಿಕ್ಲೋಫೆನಾಕ್, ಥಯೋಕಾಲ್ಚಿಕೋಸೈಡ್. "ಮುಟ್ಟಾಗಿ ಎಷ್ಟು ದಿನ ಆತವ್ವಾ?" ಅಂದೆ. ಬೆರಳು ಎಣಿಸಿ ಸುಮ್ಮನಾದಳು.

ಹಾಗೇಕೆ ಕೇಳಿದೆ ಅಂತೀರಾ? ನನಗೆ ಇದೇ ಗುಳಿಗೆ ಬರೆಯುವ ಮುಂಚೆ ಡಾಕ್ಟರಮ್ಮ ಕೇಳಿದ್ದೂ ಅದನ್ನೇ.

ಥಯೋಕಾಲ್ಚಿಕೋಸೈಡ್ ಬಿಗಿದ ಸ್ನಾಯುಗಳನ್ನು ಸಡಿಲಿಸುವ ಮದ್ದು. ಬೇಲಿಯ ಮೇಲೆ ಬೆಂಕಿಯ ನಾಲಗೆಯಂತೆ ಅರಳುವ ಗೌರಿ ಹೂವನ್ನು ನೋಡಿದ್ದೀರಲ್ಲ, ಅಗ್ನಿಶಿಖೆ ಅಂತಾರೆ, ಆ ಬಳ್ಳಿಯೇ ಇದರ ಮೂಲ. ಅದರ ಗೆಡ್ಡೆಯಲ್ಲೂ ಬೀಜದಲ್ಲೂ ಕಾಲ್ಚಿಸಿನ್ ಎಂಬ ವಿಷವಿದೆ. ಬೀಜದಲ್ಲೇ ಸಿಗುವ, ಕಾಲ್ಚಿಸಿನ್‌ನ ಹತ್ತಿರದ ನೆಂಟನೊಂದನ್ನು ಕಾರ್ಖಾನೆಯಲ್ಲಿ ಮಾರ್ಪಡಿಸಿ ಈ ಮದ್ದು ಮಾಡುತ್ತಾರೆ. ನುಂಗಿದ ಗುಳಿಗೆ ಕರುಳಿನಲ್ಲಿ ಒಡೆಯುತ್ತದೆ, ಅದಕ್ಕಂಟಿದ ಸಕ್ಕರೆಯ ಭಾಗ ಕಳಚಿಹೋಗುತ್ತದೆ. ತಕರಾರು ಇರುವುದು ಉಳಿದ ಭಾಗದ ಮೇಲೆ. ಎಸ್‌ಎಲ್ 59.0955 ಅಂತ ಮನೆ ನಂಬರಿನಂಥ ಹೆಸರು ಅದಕ್ಕೆ!

ನಮ್ಮ ಮೈಯ ಒಂದು ಜೀವಕೋಶ ಎರಡಾಗುವಾಗ ದಾರದಂತಹ ಸಣ್ಣ ಎಳೆಗಳು ಕ್ರೋಮೋಸೋಮುಗಳನ್ನು ಎರಡೂ ಕಡೆ ಎಳೆದು ಸಮಪಾಲು ಮಾಡುತ್ತವೆ, ಒಂದೊಂದಕ್ಕೆ 46. ಈ ಪದಾರ್ಥ ಆ ಹಂಚಿಕೆಯನ್ನೇ ಕೆಡಿಸಬಲ್ಲದೆಂದು ಪ್ರಯೋಗಗಳಲ್ಲಿ ಕಂಡಿದೆ. ಒಂದಕ್ಕೆ 47, ಇನ್ನೊಂದಕ್ಕೆ 45 ಆದರೆ? ಹೊಟ್ಟೆಯಲ್ಲಿ ಕೂಸು ಮೂಡುವ ದಿನಗಳಲ್ಲಂತೂ ಕೋಶಗಳು ಒಂದೇ ಸಮನೆ ಎರಡಾಗುತ್ತಲೇ ಇರುತ್ತವೆ. ಗರ್ಭ ಇಳಿಯುವ, ಕೂಸಿಗೆ ಊನವಾಗುವ ಭಯ ಅದಕ್ಕೇ. ಗಂಡಸರ ಸಂತಾನಶಕ್ತಿಗೂ ತೊಂದರೆಯಾದೀತು.

2013ರ ನವೆಂಬರಿನಲ್ಲಿ ಯುರೋಪಿನ ಔಷಧ ಸಂಸ್ಥೆ ಕಟ್ಟುನಿಟ್ಟಿನ ಮಿತಿ ಹಾಕಿತು. ಗುಳಿಗೆಯಾದರೆ 12 ಗಂಟೆಗೊಮ್ಮೆ 8 ಮಿಲಿಗ್ರಾಂ, 7 ದಿನ ಮೀರಕೂಡದು. ಇಂಜೆಕ್ಷನ್ 12 ಗಂಟೆಗೊಮ್ಮೆ 4 ಮಿಲಿಗ್ರಾಂ, 5 ದಿನ ಮಾತ್ರ. ಬಸುರಿಯರಿಗೆ, ಹಾಲೂಡಿಸುವವರಿಗೆ, ಮಕ್ಕಳಾಗದಂತೆ ಎಚ್ಚರ ವಹಿಸದ ಹರೆಯದ ಹೆಂಗಸರಿಗೆ ಬೇಡವೇ ಬೇಡ. 16 ವರ್ಷದೊಳಗಿನವರಿಗೂ ಕೊಡಬಾರದು. ಮೂರ್ಛೆರೋಗ ಇದ್ದವರು ಡಾಕ್ಟರಿಗೆ ಮೊದಲೇ ಹೇಳಬೇಕು, ಸೆಳೆತ ಮರುಕಳಿಸಬಹುದು. ನಮ್ಮಲ್ಲಿ ನಾಟಿ ಮುಗಿಯುವ ತನಕ ನುಂಗುವವರಿದ್ದಾರಲ್ಲ, ಏನನ್ನೋಣ!

ಮರುದಿನವೇ ಹುಡುಗಿಯನ್ನು ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ. ಗರ್ಭ ನಿಂತಿತ್ತು. ಗುಳಿಗೆ ತಕ್ಷಣ ನಿಲ್ಲಿಸಿ, ತಿಂದವರ ಕೂಸಿಗೆಲ್ಲ ಕೇಡಾಗುತ್ತದೆಂದು ತಿಳಿಯಬೇಡಿ, ಆದರೆ ಸ್ಕ್ಯಾನಿಂಗ್ ಮಾತ್ರ ತಪ್ಪಿಸಬೇಡಿ ಎಂದರು. ಸೊಂಟಕ್ಕೆ ಬಿಸಿನೀರಿನ ಶಾಖ ಸಾಕೆಂದರು. ಐದನೇ ತಿಂಗಳ ಸ್ಕ್ಯಾನಿಂಗ್ ಆಗುವವರೆಗೆ ನಮ್ಮ ವಾರಗಿತ್ತಿಯವರ ಗಂಟಲಲ್ಲಿ ಅನ್ನ ಇಳಿಯಲಿಲ್ಲ.

ಕೂಸು ಗುಂಡುಗುಂಡಾಗಿದೆ. ಅಜ್ಜಿ ಈಗ ಅಂಗಡಿಯಲ್ಲಿ ಯಾವ ಗುಳಿಗೆ ಕೊಟ್ಟರೂ "ಇದು ಗೌರಿ ಹೂವಿನದೇನಪಾ?" ಅಂತ ಕೇಳುತ್ತಾರಂತೆ. ಅಂಗಡಿಯವನು, ಪಾಪ, ಮುಖ ಮುಖ ನೋಡುತ್ತಾನಂತೆ.