ಡಿಶ್‌ವಾಷರ್ ಬಾಗಿಲು ಯಾಕೆ ಕೂರಲ್ಲ?

ನಮ್ಮ ಬಾಡಿಗೆ ಮನೆಯ ಡಿಶ್‌ವಾಷರ್ ಬಾಗಿಲು ಎಷ್ಟು ಒತ್ತಿದರೂ 'ಟಕ್' ಅನ್ನೋದು ನಿಂತುಹೋಯ್ತು. ಮೆಶಿನ್ ಸ್ಟಾರ್ಟೇ ಆಗಲ್ಲ. ಲ್ಯಾಚು ಕೊಂಡಿಯನ್ನು ಸರಿಯಾಗಿ ಹಿಡಿದಾಗ ಮಾತ್ರ ಒಳಗಿನ ಮೈಕ್ರೋಸ್ವಿಚ್ ಒತ್ತುತ್ತೆ, ಆಮೇಲೇ ಪಂಪಿಗೆ ಕರೆಂಟು. "ಸ್ವಿಚ್ ಶಾರ್ಟ್ ಮಾಡಿಬಿಡೋಣ" ಅಂದ ಎಲೆಕ್ಟ್ರಿಕಲ್ ಬ್ರಾಂಚಿನ ಗೆಳೆಯನನ್ನು (ಅವನೇ ಹೀಗಂದ್ರೆ!) ತಡೆದೆವು. ಹಾಗೆ ಮಾಡಿದರೆ ಬಾಗಿಲು ತೆರೆದರೂ ಪಂಪ್ ನಿಲ್ಲಲ್ಲ. 60 ಡಿಗ್ರಿ ನೀರು ಮುಖಕ್ಕೇ ಚಿಮ್ಮುತ್ತೆ.

ಪ್ಲಗ್ ಕಿತ್ತು ಶುರು ಮಾಡಿದೆವು. ಸ್ಕ್ರೂಡ್ರೈವರ್ ಹಿಡಿಯೋ ಮುಂಚೆ ಬುಟ್ಟಿ ನೋಡಿ. ಅದು ಹಿಂದುಮುಂದಾಗಿ ಕೂತಿದ್ರೆ, ಇಲ್ಲವೇ ಸೌಟಿನ ಹಿಡಿ ಹೊರಚಾಚಿದ್ರೆ ಬಾಗಿಲು ಚೂರು ಹೊರಗೇ ಉಳಿಯುತ್ತೆ. ನಮ್ಮ ಬುಟ್ಟಿ ಸರಿಯಿತ್ತು. ಕಳ್ಳ ಸಿಕ್ಕಿದ್ದು ರಬ್ಬರ್ ಗ್ಯಾಸ್ಕೆಟ್‌ನಲ್ಲಿ: ಒಂದು ಮೂಲೆಯಲ್ಲಿ ಗ್ರೂವ್ ಬಿಟ್ಟು ಎದ್ದು ಉಬ್ಬಿತ್ತು, ಅಡಿಯಲ್ಲಿ ಒಣಗಿದ ಅನ್ನದಗುಳು. ಒದ್ದೆ ಬಟ್ಟೆಯಲ್ಲಿ ಒರೆಸಿ, ಮೂಲೆಯಿಂದ ಬೆರಳಲ್ಲಿ ಒತ್ತುತ್ತಾ ಕೂರಿಸಿದೆವು. ಟಕ್!

ಇಷ್ಟಕ್ಕೂ ಜಗ್ಗದಿದ್ರೆ ಕೊಂಡಿ ಸರಿದಿರಬಹುದು. ಸ್ಕ್ರೂ ಸಡಿಲಿಸಿ ಒಂದೆರಡು ಮಿಲಿಮೀಟರ್ ಅತ್ತಿತ್ತ ಮಾಡಿ ನೋಡಿ. ಟಕ್ ಅಂದರೂ ಮೆಶಿನ್ ಓಡದಿದ್ರೆ, ಪ್ಲಗ್ ಕಿತ್ತೇ ಇಟ್ಟು ಸ್ವಿಚ್ಚಿನ ವೈರ್ ಬಿಡಿಸಿ ಮಲ್ಟಿಮೀಟರ್ ಹಚ್ಚಿ. ಒತ್ತಿದಾಗಲೂ ಬಿಟ್ಟಾಗಲೂ ಬೀಪ್ ಒಂದೇ ಥರ ಇದ್ರೆ ಸ್ವಿಚ್ ಕೆಟ್ಟಿದೆ, ಅದೇ ಮಾಡೆಲ್‌ನದ್ದು ತಂದು ಹಾಕಿ.