ಅಪರಿಚಿತರ ಹಂಗಿನಲ್ಲಿ ಅರಳುವ ಅರಿವು: ವಾಲ್ಟರ್ ಸಾಲೆಸ್ ಅವರ ಎರಡು ಪ್ರಯಾಣ ಚಿತ್ರಗಳು

ಕಥೆ ಒಂದೇ ಊರಿನಲ್ಲಿ ನಿಲ್ಲದೆ ದಾರಿಯುದ್ದಕ್ಕೂ ಬೆಳೆಯುತ್ತ, ತಲುಪಬೇಕಾದ ಸ್ಥಳಕ್ಕಿಂತ ನಡುವೆ ಎದುರಾಗುವ ಜನರಿಗೆ ಹೆಚ್ಚಿನ ಮಹತ್ವ ಕೊಡುವ ಸಿನಿಮಾ ಪ್ರಕಾರವನ್ನು ‘ರೋಡ್ ಮೂವಿ’ ಎಂದು ಕರೆಯುತ್ತಾರೆ. ಈ ಪ್ರಕಾರದಲ್ಲಿ ಬ್ರೆಜಿಲ್‌ನ ನಿರ್ದೇಶಕ ವಾಲ್ಟರ್ ಸಾಲೆಸ್ ಅವರ ಎರಡು ಚಿತ್ರಗಳು ವಿಶೇಷ ಗಮನಕ್ಕೆ ಅರ್ಹವಾಗಿವೆ. ದೂರ ಕ್ರಮಿಸಿದ ಮಾತ್ರಕ್ಕೆ ಯಾರೂ ಬದಲಾಗುವುದಿಲ್ಲ, ಕೈಯಲ್ಲಿದ್ದ ಅನುಕೂಲಗಳು ಕಳಚಿಬಿದ್ದು ಅಪರಿಚಿತರನ್ನು ನೆಚ್ಚಿಕೊಳ್ಳಬೇಕಾಗಿ ಬಂದಾಗಲೇ ಮನುಷ್ಯನ ಕಣ್ಣು ತೆರೆಯುತ್ತದೆ ಎಂಬ ತಿಳಿವು ಇವೆರಡರಲ್ಲೂ ಇದೆ.

1998ರ ‘ಸೆಂಟ್ರಲ್ ಸ್ಟೇಷನ್’ ಚಿತ್ರದ ನಾಯಕಿ ಡೋರಾ ನಿವೃತ್ತ ಶಿಕ್ಷಕಿ. ರಿಯೊ ಡಿ ಜನೈರೊದ ಮುಖ್ಯ ರೈಲು ನಿಲ್ದಾಣದಲ್ಲಿ ಮೇಜು ಹಾಕಿಕೊಂಡು ಕುಳಿತು, ಓದುಬರಹ ಬಾರದವರು ಹೇಳಿದ ಪತ್ರಗಳನ್ನು ದುಡ್ಡಿಗೆ ಬರೆದುಕೊಡುವ ಆಕೆ, ಅವುಗಳಲ್ಲಿ ಎಷ್ಟನ್ನೋ ಅಂಚೆಗೆ ಹಾಕುವುದೇ ಇಲ್ಲ. ಹಾಗೆ ಪತ್ರ ಬರೆಸಿದ್ದ ತಾಯಿಯೊಬ್ಬಳು ಬಸ್ಸಿಗೆ ಸಿಕ್ಕಿ ಸತ್ತಾಗ, ಅನಾಥನಾದ ಅವಳ ಮಗನನ್ನು ಡೋರಾ ಮೊದಲು ಹಣಕ್ಕೆ ಮಾರಿಬಿಡುತ್ತಾಳೆ. ಬಳಿಕ ಮನಸ್ಸು ತಡೆಯದೆ ಅವನನ್ನು ಬಿಡಿಸಿಕೊಂಡು, ಅವನ ತಂದೆಯನ್ನು ಹುಡುಕುತ್ತ ದೇಶದ ಈಶಾನ್ಯದ ಒಣ ಬಯಲುಸೀಮೆಯತ್ತ ಹೊರಡುತ್ತಾಳೆ. ದಾರಿಯಲ್ಲಿ ಕೈ ಬರಿದಾದಾಗ, ಜಾತ್ರೆಗೆ ನೆರೆದ ಯಾತ್ರಿಕರಿಗೆ ಪತ್ರ ಬರೆದುಕೊಟ್ಟೇ ಇಬ್ಬರೂ ಹೊಟ್ಟೆ ಹೊರೆಯಬೇಕಾಗುತ್ತದೆ. ಈ ಬಾರಿ ಅವಳು ಆ ಪತ್ರಗಳನ್ನು ಅಂಚೆಗೆ ಹಾಕುತ್ತಾಳೆ. ಪರರ ಮಾತಿಗೆ ಬೆಲೆಯಿದೆ ಎಂಬುದು ಅವಳಿಗೆ ಉಪದೇಶದಿಂದ ಅಲ್ಲ, ಅವರ ನಡುವೆ ಬಡವಳಾಗಿ ನಿಂತಿದ್ದರಿಂದ ತಿಳಿಯುತ್ತದೆ. ಬರ್ಲಿನ್ ಚಿತ್ರೋತ್ಸವದಲ್ಲಿ ಈ ಚಿತ್ರಕ್ಕೆ ಸ್ವರ್ಣ ಕರಡಿ ಪ್ರಶಸ್ತಿಯೂ ಡೋರಾ ಪಾತ್ರದ ಫರ್ನಾಂಡಾ ಮೊಂಟೆನೆಗ್ರೊ ಅವರಿಗೆ ಅತ್ಯುತ್ತಮ ನಟಿ ಪ್ರಶಸ್ತಿಯೂ ಸಂದವು.

2004ರ ‘ದಿ ಮೋಟರ್‌ಸೈಕಲ್ ಡೈರೀಸ್’ ನಿಜವಾಗಿ ನಡೆದ ಪ್ರಯಾಣವನ್ನು ಆಧರಿಸಿದ್ದು. ಮುಂದೆ ‘ಚೆ’ ಎಂಬ ಕ್ರಾಂತಿಕಾರಿಯಾಗಿ ಹೆಸರಾದ, ಆಗಿನ್ನೂ 23 ವರ್ಷದ ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ಅರ್ನೆಸ್ಟೊ ಗೆವಾರಾ ಮತ್ತು ಅವನ ಗೆಳೆಯ ಆಲ್ಬರ್ಟೊ ಗ್ರಾನಾಡೊ 1952ರಲ್ಲಿ ಹಳೆಯ ನಾರ್ಟನ್ ಬೈಕೇರಿ ಅರ್ಜೆಂಟೀನಾದಿಂದ ಹೊರಟದ್ದು ಲೋಕ ನೋಡುವ ಹುರುಪಿನಿಂದ. ಚಿಲಿ ದೇಶದಲ್ಲಿ ಬೈಕು ಕೈಕೊಟ್ಟು ನಡಿಗೆ ಅನಿವಾರ್ಯವಾದ ಮೇಲೆಯೇ ಚಿತ್ರಕ್ಕೆ ನಿಜವಾದ ಗಾಂಭೀರ್ಯ ಬರುತ್ತದೆ: ನೆಲ ಕಳೆದುಕೊಂಡು ತಾಮ್ರದ ಗಣಿಯಲ್ಲಿ ಕೂಲಿ ಅರಸುತ್ತಿರುವ ದಂಪತಿ ಮರುಭೂಮಿಯ ಚಳಿಯಲ್ಲಿ ಎದುರಾಗುತ್ತಾರೆ, ಪೆರುವಿನಲ್ಲಿ ಜಮೀನಿನಿಂದ ಹೊರದಬ್ಬಿಸಿಕೊಂಡ ರೈತರ ಮಾತು ಕೇಳಿಸುತ್ತದೆ. ಅಮೆಜಾನ್ ತೀರದ ಸ್ಯಾನ್ ಪಾಬ್ಲೊ ಕುಷ್ಠರೋಗಿಗಳ ವಸತಿಯಲ್ಲಿ, ಸಿಬ್ಬಂದಿ ನದಿಯ ಒಂದು ದಡದಲ್ಲೂ ರೋಗಿಗಳು ಇನ್ನೊಂದು ದಡದಲ್ಲೂ ಇರುವುದನ್ನು ಕಂಡ ಅರ್ನೆಸ್ಟೊ, ಆಸ್ತಮಾವನ್ನೂ ಲೆಕ್ಕಿಸದೆ ತನ್ನ ಹುಟ್ಟುಹಬ್ಬದ ರಾತ್ರಿ ಅವರತ್ತ ಈಜುತ್ತಾನೆ. ಮುಂದಿನ ಕ್ರಾಂತಿಕಾರಿಯನ್ನು ವೈಭವೀಕರಿಸುವ ಬದಲು, ಎರಡು ದಡಗಳ ಅಂತರವನ್ನು ಸಹಿಸಲಾರದ ಯುವಕನೊಬ್ಬನನ್ನು ಚಿತ್ರ ತೋರಿಸುತ್ತದೆ.

ಈ ಚಿತ್ರಗಳ ಸತ್ಯಸಂಧತೆ ಅವುಗಳನ್ನು ತಯಾರಿಸಿದ ಕ್ರಮದಲ್ಲೂ ಇದೆ. ‘ಸೆಂಟ್ರಲ್ ಸ್ಟೇಷನ್’ಗಾಗಿ ನಿಲ್ದಾಣದಲ್ಲಿ ಮೇಜು ಇಟ್ಟಾಗ, ನಟರಲ್ಲದ ಸಾಮಾನ್ಯ ಜನರೇ ಬಂದು ತಮ್ಮ ಪತ್ರಗಳನ್ನು ಹೇಳಿ ಬರೆಸಿದರು, ಹುಡುಗನ ಪಾತ್ರಕ್ಕೆ ಆಯ್ಕೆಯಾದ ವಿನಿಸಿಯಸ್ ಡಿ ಒಲಿವೇರಾ ವಿಮಾನ ನಿಲ್ದಾಣದಲ್ಲಿ ಶೂ ಪಾಲಿಶ್ ಮಾಡುತ್ತಿದ್ದ ಬಾಲಕ. ಎರಡನೆಯ ಚಿತ್ರವನ್ನು ಬಹುಮಟ್ಟಿಗೆ ಪ್ರಯಾಣದ ಕ್ರಮದಲ್ಲಿಯೇ ಚಿತ್ರೀಕರಿಸಿ, ದಾರಿಯಲ್ಲಿ ಸಿಕ್ಕ ಸ್ಥಳೀಯರೊಂದಿಗೆ ನಟರು ಆಡಿದ ಸಹಜ ಮಾತುಗಳಿಗೂ ಅದರಲ್ಲಿ ಜಾಗ ಕೊಡಲಾಯಿತು. 80 ದಾಟಿದ್ದ ಗ್ರಾನಾಡೊ ಅವರೇ ಅದರ ಕೊನೆಯಲ್ಲಿ ಕಾಣಿಸಿಕೊಳ್ಳುತ್ತಾರೆ.

ಪ್ರವಾಸವು ಇಂದು ಸುಲಭವಾಗಿ ಕೊಳ್ಳಬಹುದಾದ ಸರಕಾಗಿರುವಾಗ, ಈ ಎರಡು ಚಿತ್ರಗಳನ್ನು ನೋಡುವುದು ಹೆಚ್ಚು ಅಗತ್ಯವಾಗಿದೆ. ನೋಡುವವರು ದಾರಿಯ ದೃಶ್ಯಗಳಿಗಿಂತ ದಾರಿಯ ಮುಖಗಳ ಮೇಲೆ ಗಮನವಿಟ್ಟರೆ, ಮುಂದಿನ ತಮ್ಮ ಪ್ರಯಾಣದಲ್ಲಿ ಯಾರ ಮಾತಿಗೆ ಕಿವಿಗೊಡಬೇಕೆಂಬುದು ಅವರಿಗೆ ತಿಳಿದೀತು.