ಸವೆದ ಬಣ್ಣ ಉಳಿಸಬೇಕೇ, ಅಳಿಸಬೇಕೇ?

ಮೂರೇ ಚಕ್ರ ಉಳಿದಿರುವ, ಅರ್ಧ ಬಣ್ಣ ಕಿತ್ತುಹೋದ, ಮುಂದಿನ ಬಂಪರ್ ಮುರಿದ ಒಂದು ಆಟಿಕೆ ಕಾರು. ಅಟ್ಟದ ಮೇಲಿನ ಟ್ರಂಕಿನಿಂದ ಇಂಥದ್ದೊಂದು ಹೊರಬಂದರೆ ಹೆಚ್ಚಿನ ಮನೆಗಳಲ್ಲಿ ಅದರ ಮುಂದಿನ ಪ್ರಯಾಣ ಗುಜರಿ ಅಂಗಡಿಗೆ. ಆದರೆ ಅದನ್ನೇ ಮೇಜಿನ ಮೇಲಿಟ್ಟು, ದೀಪವನ್ನು ಹತ್ತಿರಕ್ಕೆಳೆದು, ಭೂತಗನ್ನಡಿ ಹಿಡಿದು ಗಂಟೆಗಟ್ಟಲೆ ನೋಡುವವರೂ ಇದ್ದಾರೆ. ಅವರ ಮುಂದಿರುವ ಪ್ರಶ್ನೆ ಒಂದೇ: ಇದಕ್ಕೆ ಹೊಸ ಬಣ್ಣ ಹೊಡೆಯಬೇಕೇ, ಇದ್ದ ಹಾಗೇ ಬಿಡಬೇಕೇ?

ಮಕ್ಕಳಾಟದ ಪ್ರಶ್ನೆ ಎನಿಸಬಹುದು. ಆದರೆ ಊರಿನ ಹಳೆಯ ದೇಗುಲದ ಕಲ್ಲುಕಂಬಕ್ಕೆ ಆಯಿಲ್ ಪೇಂಟು ಬಳಿದದ್ದನ್ನು ಕಂಡು ಮರುಗಿದವರಿಗೆ ಈ ಪ್ರಶ್ನೆಯ ತೂಕ ಗೊತ್ತು. ಪುಟಾಣಿ ಕಾರುಗಳ ಹವ್ಯಾಸಿಗಳು ಇದನ್ನೇ ಅಂಗೈಯಗಲದಲ್ಲಿ, ದಶಕಗಳಿಂದ ಚರ್ಚಿಸುತ್ತ ಬಂದಿದ್ದಾರೆ.

ಕಥೆ ಆರಂಭವಾಗುವುದು ರೈಲಿನಿಂದ. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಬಿನ್ಸ್ ರಸ್ತೆಯಲ್ಲಿ ಫ್ರಾಂಕ್ ಹಾರ್ನ್‌ಬಿ ಎಂಬಾತನ ಮೆಕ್ಯಾನೋ ಕಾರ್ಖಾನೆ ಇತ್ತು. ತೂತುಗಳಿರುವ ಲೋಹದ ಪಟ್ಟಿಗಳನ್ನು ನಟ್ಟು ಬೋಲ್ಟು ಹಾಕಿ ಜೋಡಿಸುವ ಮೆಕ್ಯಾನೋ ಆಟವನ್ನು ಜಗತ್ತಿಗೆ ಕೊಟ್ಟವನು ಈತನೇ. ಆಟದ ರೈಲುಗಳನ್ನೂ ಆ ಕಾರ್ಖಾನೆ ಮಾಡುತ್ತಿತ್ತು. ರೈಲು ಇದ್ದ ಮೇಲೆ ನಿಲ್ದಾಣ ಬೇಡವೇ? ನಿಲ್ದಾಣದಲ್ಲಿ ಜನ ಬೇಡವೇ? 1931ರಲ್ಲಿ ಅಂಥ ಪುಟ್ಟ ಬೊಂಬೆಗಳು ಬಂದವು. ನಿಲ್ದಾಣದ ಹೊರಗೆ ನಿಲ್ಲಿಸಲು 1933ರ ಕೊನೆಯಲ್ಲಿ ಕಾರು, ಲಾರಿ, ಟ್ರ್ಯಾಕ್ಟರ್ ಸೇರಿದಂತೆ ಆರು ವಾಹನಗಳ ಒಂದು ಸೆಟ್ ಬಂತು. ಮರುವರ್ಷ ಇವಕ್ಕೆ ಡಿಂಕಿ ಟಾಯ್ಸ್ ಎಂದು ನಾಮಕರಣವಾಯಿತು. ರೈಲಿಗೆ ಜೊತೆಯೆಂದು ಬಂದ ಕಾರು ಕೆಲವೇ ವರ್ಷಗಳಲ್ಲಿ ರೈಲನ್ನು ಮೀರಿ ಓಡಿತು!

ಇಂದಿಗೂ ಸಂಗ್ರಾಹಕರ ಕಾರುಗಳ ಮೇಲೆ ಕಾಣುವ ‘ಒಂದಕ್ಕೆ ನಲವತ್ತಮೂರು’ ಎಂಬ ವಿಚಿತ್ರ ಅಳತೆ ಹುಟ್ಟಿದ್ದೂ ಆ ರೈಲಿನಿಂದಲೇ. ಬ್ರಿಟನ್ನಿನ ಆಟದ ರೈಲುಗಳಲ್ಲಿ ನಿಜವಾದ ಒಂದು ಅಡಿಗೆ 7 ಮಿಲಿಮೀಟರ್ ಎಂಬ ಲೆಕ್ಕವಿತ್ತು. ಒಂದು ಅಡಿಯೆಂದರೆ 304.8 ಮಿಲಿಮೀಟರ್. ಭಾಗಿಸಿ ನೋಡಿದರೆ ಹೆಚ್ಚುಕಡಿಮೆ 43 ಬರುತ್ತದೆ. ಈ ಲೆಕ್ಕದಲ್ಲಿ ನಮ್ಮ ಅಂಬಾಸಡರ್ ಕಾರು ಸುಮಾರು 10 ಸೆಂಟಿಮೀಟರ್ ಉದ್ದವಾಗುತ್ತದೆ. ಡಿಂಕಿಯವರೇನೂ ಇದನ್ನು ಕಟ್ಟುನಿಟ್ಟಾಗಿ ಪಾಲಿಸಲಿಲ್ಲ ಎನ್ನುವುದು ಬೇರೆ ಮಾತು. ಬಸ್ಸು, ಲಾರಿಗಳು ಇನ್ನಷ್ಟು ಕುಗ್ಗಿದವು.

ಮುಂದೆ ಪೈಪೋಟಿಗೆ ಬಂದವರು ಹಲವರು. ಲಂಡನ್ನಿನ ಲೆಸ್ನಿ ಕಂಪನಿಯ ಜ್ಯಾಕ್ ಒಡೆಲ್‌ನ ಮಗಳು ಓದುತ್ತಿದ್ದ ಶಾಲೆಯಲ್ಲಿ, ಬೆಂಕಿಪೊಟ್ಟಣದಲ್ಲಿ ಹಿಡಿಸುವಷ್ಟು ಚಿಕ್ಕ ಆಟಿಕೆಗೆ ಮಾತ್ರ ಅನುಮತಿ ಇತ್ತಂತೆ. ಅಪ್ಪ ಹಿತ್ತಾಳೆಯಲ್ಲಿ ಒಂದು ಪುಟ್ಟ ರೋಡ್ ರೋಲರ್ ಮಾಡಿಕೊಟ್ಟ. ಅದರಿಂದ 1953ರಲ್ಲಿ ಮ್ಯಾಚ್‌ಬಾಕ್ಸ್ ಸರಣಿ ಹುಟ್ಟಿತು. 1956ರಲ್ಲಿ ಬಂದ ಕಾರ್ಗಿ ಕಾರುಗಳಿಗೆ ಪ್ಲಾಸ್ಟಿಕ್ಕಿನ ಪಾರದರ್ಶಕ ಕಿಟಕಿಗಳಿದ್ದವು. ಅದನ್ನೇ ಜಾಹೀರಾತು ಮಾಡಿ ಅವರು ಡಿಂಕಿಯ ಗಿರಾಕಿಗಳನ್ನು ಸೆಳೆದರು. 1968ರಲ್ಲಿ ಅಮೆರಿಕದಿಂದ ಹಾಟ್ ವೀಲ್ಸ್ ಜಾರಿಕೊಂಡು ಬಂದ ಮೇಲೆ ಹಳೆಯ ಕಂಪನಿಗಳ ದಿನ ತಿರುಗಿತು. ಬಿನ್ಸ್ ರಸ್ತೆಯ ಕಾರ್ಖಾನೆ 1979ರ ನವೆಂಬರಿನಲ್ಲಿ ಮುಚ್ಚಿತು. ಲೆಸ್ನಿ 1982ರಲ್ಲಿ ದಿವಾಳಿಯಾಯಿತು.

ಬಿಡಿಭಾಗಗಳನ್ನು ತಂದು ತಾವೇ ಕಾರು ಕಟ್ಟುವವರ ದಾರಿ ಬೇರೆ. ಅಮೆರಿಕದ ಎಎಂಟಿ ಕಂಪನಿ 1958ರಿಂದ ಹೊರತಂದ ಪ್ಲಾಸ್ಟಿಕ್ ಕಿಟ್‌ಗಳು, ಆಮೇಲೆ ಜಪಾನಿನ ತಮಿಯಾ ಕಿಟ್‌ಗಳು ಇವರ ಬಂಡವಾಳ. ಅಲ್ಲಿ ಎಂಜಿನ್ ಜೋಡಿಸುವ ಖುಷಿ ಇದೆ, ತಾಳ್ಮೆಯ ಪರೀಕ್ಷೆ ಇದೆ. ಆದರೆ ಹೊಸ ಕಿಟ್ ಕೆಟ್ಟರೆ ಇನ್ನೊಂದು ತರಬಹುದು. ಹಳೆಯ ಲೋಹದ ಕಾರು ಕೆಟ್ಟರೆ? ಧರ್ಮಸಂಕಟ ಇರುವುದು ಅಲ್ಲಿ.

ಒಳಗಿನಿಂದ ತಿನ್ನುವ ರೋಗ

ಈ ಕಾರುಗಳ ಮೈ ಸತುವಿನದು. ಸತುವಿಗೆ ಸುಮಾರು ನೂರಕ್ಕೆ ನಾಲ್ಕು ಭಾಗ ಅಲ್ಯುಮಿನಿಯಂ, ಜೊತೆಗೆ ಚೂರು ಮೆಗ್ನೀಸಿಯಂ ಮತ್ತು ತಾಮ್ರ ಬೆರೆಸಿದ ಮಿಶ್ರಲೋಹವನ್ನು ಕರಗಿಸಿ, ಉಕ್ಕಿನ ಅಚ್ಚಿಗೆ ಒತ್ತಡದಿಂದ ನುಗ್ಗಿಸಿ ಎರಕ ಹೊಯ್ಯುತ್ತಾರೆ. ಕಡಿಮೆ ಶಾಖದಲ್ಲಿ ಕರಗುತ್ತದೆ, ಬಾಗಿಲಿನ ಗೆರೆಯಂಥ ಸೂಕ್ಷ್ಮವೂ ಮೂಡುತ್ತದೆ. ಅಮೆರಿಕದಲ್ಲಿ 1920ರ ದಶಕದ ಕೊನೆಗೆ ರೂಪುಗೊಂಡ ಈ ಲೋಹಕ್ಕೆ ಜಮಾಕ್ ಎಂದು ಹೆಸರು. ಬ್ರಿಟನ್ನಿನಲ್ಲಿ ಮಜಾಕ್.

ಆದರೆ ಇದರಲ್ಲಿ ಸೀಸ ಅಥವಾ ತವರ ಸೇರಬಾರದು. ಸಾವಿರದಲ್ಲಿ ಒಂದು ಪಾಲಿಗಿಂತ ಎಷ್ಟೋ ಕಡಿಮೆ ಸೀಸ ಸೇರಿದರೂ ಲೋಹದ ಹರಳುಗಳ ಸಂದಿಯಲ್ಲಿ ತುಕ್ಕಿನಂಥ ಕ್ರಿಯೆ ಶುರುವಾಗುತ್ತದೆ. ತೇವ ಮತ್ತು ಸೆಕೆ ಅದಕ್ಕೆ ಗೊಬ್ಬರ. ಎರಡನೇ ಮಹಾಯುದ್ಧಕ್ಕೆ ಮೊದಲಿನ ಡಿಂಕಿಗಳಲ್ಲಿ ಅನೇಕವು ಈ ಕಲಬೆರಕೆಗೆ ಬಲಿಯಾದವು. ಮೊದಲು ಕೂದಲೆಳೆಯ ಬಿರುಕು. ಆಮೇಲೆ ಮೈ ಉಬ್ಬಿ ತಳದ ತಗಡಿಗೆ ಹೊಂದದಂತಾಗುತ್ತದೆ. ಕೊನೆಗೊಂದು ದಿನ ಕೈಗೆತ್ತಿಕೊಂಡರೆ ಒಣ ರೊಟ್ಟಿಯಂತೆ ಮುರಿದು ಬೀಳುತ್ತದೆ. ಆಟವಾಡದೆ ಡಬ್ಬಿಯಲ್ಲೇ ಜೋಪಾನವಾಗಿಟ್ಟ ಕಾರಿಗೂ ಇದರಿಂದ ರಕ್ಷಣೆಯಿಲ್ಲ. ಇದು ಒಂದು ಕಾರಿನಿಂದ ಇನ್ನೊಂದಕ್ಕೆ ಅಂಟುವ ರೋಗವಲ್ಲ ಎಂಬುದಷ್ಟೇ ಸಮಾಧಾನ. ಮದ್ದು ಮಾತ್ರ ಇಲ್ಲ. ಒಣ, ತಂಪು ಜಾಗದಲ್ಲಿಟ್ಟು ಆಯುಷ್ಯ ಹಿಗ್ಗಿಸಬಹುದು, ಅಷ್ಟೇ.

ರಿಪೇರಿ ಸಾಧ್ಯವಿರುವುದು ಲೋಹ ಗಟ್ಟಿಯಾಗಿರುವ ಕಾರುಗಳಿಗೆ. ಕೆಲಸ ನೋಡಲು ಟಿಂಕರಿಂಗ್ ಗ್ಯಾರೇಜಿನ ಚಿಕ್ಕ ಪ್ರತಿಯಂತಿರುತ್ತದೆ. ತಳದ ತಗಡನ್ನು ಹಿಡಿದಿಟ್ಟ ರಿವೆಟ್ಟಿನ ತಲೆಯನ್ನು ಡ್ರಿಲ್‌ನಿಂದ ತೆಗೆಯಬೇಕು. ತಲೆ ಮಾತ್ರ! ಕಂಬ ಸವೆದರೆ ಮತ್ತೆ ಕೂರಿಸಲು ಆಧಾರವೇ ಇರದು. ಆಕ್ಸಲ್‌ನ ಚಪ್ಪಟೆ ತುದಿಯನ್ನು ಅರದಿಂದ ಉಜ್ಜಿ ಚಕ್ರ ಬಿಡಿಸಬೇಕು. ಪೇಂಟ್ ರಿಮೂವರ್ ಹಚ್ಚಿ, ಹಳೆಯ ಟೂತ್‌ಬ್ರಷ್‌ನಿಂದ ತಿಕ್ಕಿ ಬಣ್ಣ ತೆಗೆಯಬೇಕು. ಅವಸರಕ್ಕೆ ಬಿದ್ದು ಕಾಸ್ಟಿಕ್ ಸೋಡದಲ್ಲಿ ಮುಳುಗಿಸಿದರೆ ಬಣ್ಣದ ಜೊತೆ ಸತುವೂ ಕರಗಲು ಶುರುವಾಗುತ್ತದೆ. ತೊಳೆದು, ಪೂರ್ತಿ ಒಣಗಿಸಿ, ನುಣುಪಾದ ಉಪ್ಪುಕಾಗದ ಆಡಿಸಿ, ಪ್ರೈಮರ್ ಹೊಡೆದು, ಮೇಲೆ ತೆಳ್ಳಗೆ ಒಂದರ ಮೇಲೊಂದು ಸ್ಪ್ರೇ.

ತೆಳ್ಳಗೆ ಏಕೆ? ಕಾರಿನ ಮೇಲೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪ ಬಣ್ಣ ಕೂತರೆ, ನಿಜದ ಕಾರಿಗೆ ಅದು 4 ಮಿಲಿಮೀಟರಿಗೂ ಹೆಚ್ಚು. ಅಂದರೆ ಗೋಡೆಗೆ ಗಾರೆ ಮೆತ್ತಿದಂತೆ. ಬಾಗಿಲಿನ ಗೆರೆ, ಗ್ರಿಲ್ಲಿನ ಕಂಬಿ ಎಲ್ಲವೂ ಮುಚ್ಚಿಹೋಗುತ್ತವೆ.

ಕಳೆದುಹೋದ ಟೈರು, ಸ್ಟಿಯರಿಂಗು, ಬಂಪರುಗಳನ್ನು ಹೊಸದಾಗಿ ಎರಕ ಹೊಯ್ದು ಮಾರುವ ಸಣ್ಣ ವ್ಯಾಪಾರಿಗಳು ಬ್ರಿಟನ್ನಿನಲ್ಲಿದ್ದಾರೆ. ಪಕ್ಕದ ಬರಹಗಳಿಗೆ ನೀರಿನಲ್ಲಿ ನೆನೆಸಿ ಅಂಟಿಸುವ ಡೆಕಾಲ್‌ಗಳೂ ಸಿಗುತ್ತವೆ. ಒಂದೆರಡು ವಾರದಲ್ಲಿ ಗುಜರಿ ಕಾರು ಷೋರೂಮಿನಿಂದ ಬಂದಂತೆ ಹೊಳೆಯುತ್ತದೆ.

ಹೊಳಪಿಗೆ ಬೆಲೆಯಿಲ್ಲ

ಮಾರುಕಟ್ಟೆಯ ತೀರ್ಪು ಇಲ್ಲಿ ಅಚ್ಚರಿ ಹುಟ್ಟಿಸುತ್ತದೆ. ಅಪರೂಪದ ಮಾದರಿಯಾದರೆ, ಅಲ್ಲಲ್ಲಿ ಬಣ್ಣ ಎದ್ದ ಅಸಲಿ ಕಾರಿಗೆ ಸಿಗುವ ಬೆಲೆ, ಕನ್ನಡಿಯಂತೆ ಹೊಳೆಯುವ ರಿಪೇರಿ ಕಾರಿಗೆ ಸಿಗುವುದಿಲ್ಲ. ಸೈಕಲ್ ಅಂಗಡಿಯೊಂದರ ಹೆಸರು ಹೊತ್ತ ಯುದ್ಧಪೂರ್ವ ಡಿಂಕಿ ಡೆಲಿವರಿ ವ್ಯಾನೊಂದು 2008ರಲ್ಲಿ ಬ್ರಿಟನ್ನಿನ ಹರಾಜಿನಲ್ಲಿ ಹತ್ತಿರಹತ್ತಿರ 20 ಸಾವಿರ ಪೌಂಡಿಗೆ ಹೋಯಿತು. ಅದೇ ವ್ಯಾನಿಗೆ ಯಾರಾದರೂ ಹೊಸ ಬಣ್ಣ ಹೊಡೆದಿದ್ದರೆ ಆ ಬೆಲೆಯ ಹತ್ತಿರಕ್ಕೂ ಬರುತ್ತಿರಲಿಲ್ಲ.

ಸಂಗ್ರಾಹಕರು ಇದಕ್ಕೊಂದು ಜಾತಕ ಪದ್ಧತಿಯನ್ನೇ ಮಾಡಿಕೊಂಡಿದ್ದಾರೆ. ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ ಇರುವುದು ‘ಕೋಡ್ ಒಂದು’. ತಯಾರಕರ ಒಪ್ಪಿಗೆ ಪಡೆದು ಬೇರೆಯವರು ಬದಲಾಯಿಸಿದ್ದು ‘ಕೋಡ್ ಎರಡು’. ಒಪ್ಪಿಗೆಯಿಲ್ಲದೆ ಬದಲಾಯಿಸಿದ್ದು ‘ಕೋಡ್ ಮೂರು’. ಮನೆಯಲ್ಲಿ ಬಣ್ಣ ಬದಲಾಯಿಸಿದವು ಈ ಮೂರನೆಯ ಪಂಕ್ತಿಗೆ.

ಇದು ಬರೀ ದುಡ್ಡಿನ ಲೆಕ್ಕವಲ್ಲ. ಹಳೆಯ ಡಿಂಕಿಯ ಹೆಡ್‌ಲೈಟನ್ನು ಭೂತಗನ್ನಡಿಯಲ್ಲಿ ನೋಡಿದರೆ ಬೆಳ್ಳಿ ಬಣ್ಣ ಕೊಂಚ ಆಚೀಚೆ ಹರಿದಿರುವುದುಂಟು. ಕಾರ್ಖಾನೆಯಲ್ಲಿ ಅದನ್ನು ಬ್ರಷ್ ಹಿಡಿದು ಕೈಯಿಂದ ಹಚ್ಚುತ್ತಿದ್ದರು. ಲಿವರ್‌ಪೂಲಿನ ಯಾವುದೋ ಕಾರ್ಮಿಕರ ಕೈ ಸ್ವಲ್ಪ ಅಲುಗಿದ ಗುರುತು ಅದು. ಬಾನೆಟ್ಟಿನ ಗೀರು, ಅದನ್ನು ಅಂಗಳದಲ್ಲಿ ಓಡಿಸಿದ ಹುಡುಗನದು. ಪೇಂಟ್ ರಿಮೂವರ್ ಇಬ್ಬರನ್ನೂ ಒಟ್ಟಿಗೆ ಒರೆಸಿಹಾಕುತ್ತದೆ.

ಹಾಗೆಂದು ಎಲ್ಲ ಕಾರುಗಳನ್ನೂ ಮುಟ್ಟದೆ ಬಿಡಬೇಕೆಂಬ ವಾದವೂ ಅತಿಯೇ. ಯಾರೋ ಹಿಂದೆ ಗೇಟಿನ ಪೇಂಟು ಬಳಿದ, ಚಕ್ರವಿಲ್ಲದ ಸಾಮಾನ್ಯ ಮಾದರಿಯ ಕಾರಿನಲ್ಲಿ ಉಳಿಸಲು ಏನೂ ಉಳಿದಿರುವುದಿಲ್ಲ. ಅಂಥದ್ದನ್ನು ಎತ್ತಿ ನಿಲ್ಲಿಸುವುದು ಒಳ್ಳೆಯ ಕೆಲಸವೇ. ತಕರಾರು ಬರುವುದು ರಿಪೇರಿ ಮಾಡಿದ್ದನ್ನು ಮುಚ್ಚಿಟ್ಟಾಗ. ಸಾಧಾರಣ ವ್ಯಾನಿಗೆ ಅಪರೂಪದ ಹೆಸರಿನ ಡೆಕಾಲ್ ಅಂಟಿಸಿ ಅಸಲಿ ಎಂದು ಮಾರುವುದು ವಂಚನೆ. ಆದ್ದರಿಂದಲೇ ಮರ್ಯಾದಸ್ಥ ಕುಶಲಿಗಳು ಮೈಯ ಒಳಭಾಗದಲ್ಲಿ ತಮ್ಮದೊಂದು ಗುರುತು ಹಾಕಿಡುತ್ತಾರೆ.

ಕಲ್ಕತ್ತೆಯ ನಿಕ್ಕಿ

ಈ ವಾದದಲ್ಲಿ ಭಾರತಕ್ಕೂ ಪಾಲಿದೆ. 1960ರ ದಶಕದ ಕೊನೆಗೆ ಡಿಂಕಿಯವರು ತಮಗೆ ಬೇಡವಾದ ಕೆಲವು ಅಚ್ಚುಗಳನ್ನು ಕಲ್ಕತ್ತೆಯ ಅಟಾಮ್ಕೊ ಕಂಪನಿಗೆ ಕೊಟ್ಟರು. ವಿದೇಶಿ ಸಾಮಾನಿಗೆ ನಮ್ಮಲ್ಲಿ ಭಾರಿ ಸುಂಕ, ನಿರ್ಬಂಧಗಳಿದ್ದ ಕಾಲ ಅದು. ಲಿವರ್‌ಪೂಲಿನ ಅಚ್ಚುಗಳಿಂದ ಕಲ್ಕತ್ತೆಯಲ್ಲಿ ಜಾಗ್ವಾರ್ ಇ-ಟೈಪ್, ಫೋಕ್ಸ್‌ವ್ಯಾಗನ್ 1500 ಮುಂತಾದ ಕಾರುಗಳು ಎರಕಗೊಂಡವು. ಹೆಸರು ಮಾತ್ರ ಡಿಂಕಿ ಹೋಗಿ ‘ನಿಕ್ಕಿ ಟಾಯ್ಸ್’ ಆಯಿತು. ಎಷ್ಟು ಸಣ್ಣ ಬದಲಾವಣೆ ನೋಡಿ!

ಅಚ್ಚು ಅದೇ ಆದರೂ ಕೈ ಬೇರೆ. ಸವೆದ ಅಚ್ಚಿನಿಂದ ಬಂದ ನಿಕ್ಕಿಗಳ ಅಂಚು ಅಷ್ಟು ಚೂಪಲ್ಲ. ಬಣ್ಣ ಒರಟು. ಬಹುಕಾಲ ಪಾಶ್ಚಾತ್ಯ ಸಂಗ್ರಾಹಕರು ಇವನ್ನು ಡಿಂಕಿಯ ಬಡ ನೆಂಟರಂತೆ ಕಂಡರು. ಈಗ ಹುಡುಕಿಕೊಂಡು ಬರುವವರಿದ್ದಾರೆ.

ನಿಕ್ಕಿ ಕಾರೊಂದು ಕೈಗೆ ಸಿಕ್ಕರೆ ರಿಪೇರಿಯ ಆಸೆ ಹುಟ್ಟುವುದು ಸಹಜ. ಒರಟು ಬಣ್ಣ ತೆಗೆದು, ಅಂಚು ತಿದ್ದಿ, ಲಿವರ್‌ಪೂಲಿನ ಹಳೆಯ ಕ್ಯಾಟಲಾಗ್ ನೋಡಿ ‘ಸರಿಯಾದ’ ಬಣ್ಣ ಹೊಡೆದರೆ ಚೆಂದದ ಡಿಂಕಿಯೊಂದು ಸಿದ್ಧವಾಗುತ್ತದೆ. ಆದರೆ ಕಲ್ಕತ್ತೆಯ ಕೆಲಸಗಾರರು ಆ ಕಾರಿಗೆ ತಾವಾಗಿ ಸೇರಿಸಿದ್ದೆಂದರೆ ಆ ಒರಟು ಬಣ್ಣವೇ. ಅದು ಹೋದರೆ ಉಳಿಯುವ ಸಾಕ್ಷ್ಯ ತಳಭಾಗದಲ್ಲಿ ಮಾತ್ರ. ಕಾರನ್ನು ಮಗುಚಿ, ಬೆಳಕಿಗೆ ಓರೆಯಾಗಿ ಹಿಡಿದರೆ, ಡಿಂಕಿ ಎಂಬ ಹೆಸರನ್ನು ಉಜ್ಜಿ ತೆಗೆದು ನಿಕ್ಕಿ ಎಂದು ಕೂರಿಸಿದ ಜಾಗದ ಉಬ್ಬುತಗ್ಗು ಕೆಲವು ಕಾರುಗಳಲ್ಲಿ ಈಗಲೂ ಕಾಣುತ್ತದೆ.